ಬ್ಯಾಲೆ ಫ್ಲಾಟ್ಸ್ ಒಳಗೆ ಹೊರಗೆ ಕಾಣದ ಸಾಕ್ಸ್: ಜಾರದೆ ಇರೋದು ಯಾವುದು?

ಮಳೆಬಿಲ್ಲು
ಬ್ಯಾಲೆ ಫ್ಲಾಟ್ಸ್, ಅಂದರೆ ಮೇಲೆ ತೆರೆದಿರುವ ಚಪ್ಪಟೆ ಅಡಿಯ ಶೂ, ಹಾಕುವವರಿಗೆ ಒಂದು ಪ್ರಶ್ನೆ. ಬರಿಗಾಲಿಗೆ ಹಾಕಿಕೊಂಡರೆ ಅಂಗಾಲು ಬೆವರಿ ಅಂಟುತ್ತದೆ, ಹಿಮ್ಮಡಿ ಉಜ್ಜಿ ಗುಳ್ಳೆ ಏಳುತ್ತದೆ. ಸರಿ, ಹೊರಗೆ ಕಾಣದ ಸಾಕ್ಸ್ ಹಾಕೋಣ ಅಂದರೆ ಅದರಲ್ಲಿ ಎರಡು ಥರದ ಕಾಟ. ಕೆಲವು ಬೆರಳುಗಳ ಮೇಲೆ ಇಣುಕುತ್ತವೆ. ಇಣುಕದಷ್ಟು ಚಿಕ್ಕವನ್ನು ತಗೊಂಡರೆ ಸ್ವಲ್ಪ ನಡೆಯುವಷ್ಟರಲ್ಲಿ ಹಿಮ್ಮಡಿಯಿಂದ ಕಳಚಿ ಅಂಗಾಲಿನ ಕೆಳಗೆ ಮುದುಡಿಕೊಂಡು ಕೂರುತ್ತವೆ. ನನ್ನ ಶೂ ದುಂಡು ಮೂತಿಯದು, ಅಂಚಿಗೆ ಇಲಾಸ್ಟಿಕ್ ಇಲ್ಲ, ಒಳಗೆ ಚರ್ಮದ ಲೈನಿಂಗ್ ಇದೆ. ಬ್ರ್ಯಾಂಡ್ ಹೆಸರು ಬೇಡ. ಕೈಯಲ್ಲಿ ಹಿಡಿದಾಗ ಏನೇನು ನೋಡಬೇಕು ಅಂತ ಹೇಳಿ ಸಾಕು.

ಸರಳಜೀವಿ
ಹಿಮ್ಮಡಿ ಹತ್ತಿರ ಸಿಲಿಕೋನ್ ಪಟ್ಟಿ ಇರೋದು ತಗೊಳ್ಳಿ. ಅಷ್ಟೇ.

ದಾರದುಂಡೆ
ಅಷ್ಟಕ್ಕೇ ಮುಗಿಯೋದಿಲ್ಲ ಸರಳಜೀವಿ ಅವರೇ. ನಾನು ಹೆಣಿಗೆ ಬಟ್ಟೆಯ ಕೆಲಸದಲ್ಲಿದ್ದೇನೆ, ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಸಾಕ್ಸ್ ನೋಡುವ ಮೊದಲು ಶೂ ನೋಡಿ. ಬ್ಯಾಲೆ ಫ್ಲಾಟ್‌ಗಳೆಲ್ಲ ಒಂದೇ ಅಳತೆಯಲ್ಲಿ ತೆರೆದಿರುವುದಿಲ್ಲ. ಕೆಲವು ಬೆರಳಿನ ಬುಡಗಳನ್ನು ಪೂರ್ತಿ ಮುಚ್ಚುತ್ತವೆ, ಕೆಲವುದರಲ್ಲಿ ಬೆರಳ ಸಂದುಗಳು ಕಾಣುತ್ತವೆ. ಒಂದು ಟೇಪು ತಗೊಂಡು ಶೂ ಮೂತಿಯ ಒಳತುದಿಯಿಂದ ಮೇಲಿನ ತೆರವಿನ ಅಂಚಿನ ತನಕ ಎಷ್ಟಿದೆ ನೋಡಿ. ಸಾಕ್ಸ್‌ನ ಮುಂಭಾಗ, ಅಂದರೆ ಬೆರಳಿನ ತುದಿಯಿಂದ ಅದರ ಬಾಯಿಯ ಅಂಚಿನವರೆಗೆ, ಅದಕ್ಕಿಂತ ಅರ್ಧದಿಂದ ಒಂದು ಸೆಂಟಿಮೀಟರ್ ಕಡಿಮೆ ಇರಬೇಕು. ಕಾಲಿಗೆ ಹಾಕಿದಾಗ ಬಟ್ಟೆ ಹಿಗ್ಗುತ್ತದೆ, ಹಾಗಾಗಿ ಅಳತೆ ತೆಗೆಯುವಾಗ ಸಾಕ್ಸ್ ಕಾಲಲ್ಲೇ ಇರಲಿ. ಬದಿಯಲ್ಲೂ ಹೀಗೇ. ಮುಂದೆ ಸರಿ ಇದ್ದು ಪಾದದ ಕಮಾನಿನ ಹತ್ತಿರ ಇಣುಕುವ ಸಾಕ್ಸ್ ಎಷ್ಟೋ ಇವೆ.

ಇನ್ನು ಹಿಮ್ಮಡಿ. ಕಾಣದ ಸಾಕ್ಸ್ ತಯಾರಾಗುವುದು ಎರಡು ರೀತಿ. ಒಂದು, ಹೆಣೆದ ಬಟ್ಟೆಯನ್ನು ಕತ್ತರಿಸಿ ಹೊಲಿಯುವುದು ಅಥವಾ ಅಂಟಿಸುವುದು. ಇನ್ನೊಂದು, ಸಾಕ್ಸ್ ಯಂತ್ರದಲ್ಲೇ ಹಿಮ್ಮಡಿಯನ್ನು ಹೆಣೆಯುವುದು. ಎರಡನೆಯದರಲ್ಲಿ ಯಂತ್ರದ ಸಿಲಿಂಡರ್ ಪೂರ್ತಿ ಸುತ್ತು ತಿರುಗದೆ ಹಿಂದೆ ಮುಂದೆ ಆಡುತ್ತಾ ಹಿಮ್ಮಡಿ ಕೂರಲು ಪುಟ್ಟ ಬಟ್ಟಲಿನಂಥ ಗುಂಡಿ ಮಾಡುತ್ತದೆ. ಸಾಕ್ಸನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ನೋಡಿ. ಹಿಂಭಾಗ ಉಬ್ಬಿಕೊಂಡು ನಿಂತರೆ ಗುಂಡಿ ಇದೆ ಅಂತ. ನೇರ ಕೊಳವೆಯ ಹಾಗೆ ಮಲಗಿದರೆ ಇಲಾಸ್ಟಿಕ್ ಒಂದೇ ಅದನ್ನು ಹಿಡಿದಿರಬೇಕು. ಆ ಜಾತಿಯದು ನಿಮ್ಮ ಇಲಾಸ್ಟಿಕ್ ಇಲ್ಲದ ಶೂ ಒಳಗೆ ನಿಲ್ಲೋದು ಅನುಮಾನ.

ಸಿಲಿಕೋನ್ ಬೇಕು, ಸರಿ. ಆದರೆ ಹಿಮ್ಮಡಿಯ ಮೇಲ್ತುದಿಯಲ್ಲಿ ಒಂದೇ ಒಂದು ತೆಳು ಗೆರೆ ಇದ್ದರೆ ಅದು ಬೇಗ ಸೋಲುತ್ತದೆ. ಹಿಮ್ಮಡಿ ಸುತ್ತ ಯು ಆಕಾರದಲ್ಲಿ ಹರಡಿರುವುದು, ಇಲ್ಲವೇ ಎರಡು ಮೂರು ಸಾಲು ಇರುವುದು ಚೆನ್ನಾಗಿ ಹಿಡಿಯುತ್ತದೆ. ತೆಳ್ಳಗೆ ಅಗಲವಾಗಿರಲಿ, ದಪ್ಪ ಉಬ್ಬುಗಳು ಬೇಡ. ಬಿಗಿ ಶೂ ಒಳಗೆ ಅವು ಒತ್ತಿ ಗುರುತು ಬೀಳಿಸುತ್ತವೆ.

ಸೈಜ್ ವಿಷಯದಲ್ಲಿ ‘ಒಂದೇ ಅಳತೆ ಎಲ್ಲರಿಗೂ’ ಅನ್ನುವುದನ್ನು ನಂಬಬೇಡಿ. ಯುರೋಪಿಯನ್ ಅಳತೆಯಲ್ಲಿ 36ರಿಂದ 41ರ ತನಕ ಒಂದೇ ಸಾಕ್ಸ್ ಅಂದರೆ 36ರವರಿಗೆ ದೊಗಲೆ, 41ರವರಿಗೆ ಎಳೆತ. ಎಳೆದಿರುವ ಸಾಕ್ಸ್ ಪ್ರತಿ ಹೆಜ್ಜೆಗೂ ಮುಂದಕ್ಕೆ ಓಡಲು ನೋಡುತ್ತದೆ. 36ರಿಂದ 38, 39ರಿಂದ 41 ಅಂತ ಬೇರೆ ಬೇರೆ ಕೊಡುವವರ ಹತ್ತಿರ ತಗೊಳ್ಳಿ. ಎರಡರ ನಡುವೆ ಇದ್ದರೆ ದೊಡ್ಡದು.

ನಡೆದಾಡಿ
ದಾರದುಂಡೆ ಹೇಳಿದ್ದಕ್ಕೆ ನನ್ನದೂ ಒಂದು. ಸಾಕ್ಸ್ ಕಳಚಿದರೆ ಎಲ್ಲರೂ ಸಾಕ್ಸನ್ನೇ ಬೈತಾರೆ. ಬಹಳ ಸಲ ತಪ್ಪು ಶೂದು.

ಶೂ ಹಿಂದೆ ಸಡಿಲವಾಗಿದ್ದರೆ ಪ್ರತಿ ಹೆಜ್ಜೆಗೆ ಹಿಮ್ಮಡಿ ಮೇಲೇಳುತ್ತದೆ, ಶೂ ಕೆಳಗೇ ಉಳಿಯುತ್ತದೆ. ಆ ಎಳೆದಾಟದಲ್ಲಿ ಶೂವಿನ ಅಂಚು ಸಾಕ್ಸನ್ನು ಕೆಳಕ್ಕೆ ಎಳೆಯುತ್ತಾ ಹೋಗುತ್ತದೆ. ಯಾವ ಸಿಲಿಕೋನ್ ಇದ್ದರೂ ದಿನವಿಡೀ ಅದನ್ನು ತಡೆಯೋದಿಲ್ಲ. ಪರೀಕ್ಷೆ ಸುಲಭ. ಸಾಕ್ಸ್ ಮಾತ್ರ ಹಾಕಿಕೊಂಡು, ಶೂ ಇಲ್ಲದೆ, ಮನೆಯೊಳಗೆ ಓಡಾಡಿ. ಆಗಲೂ ಕಳಚಿದರೆ ಸಾಕ್ಸ್ ಅಳತೆ ಸರಿ ಇಲ್ಲ. ಆಗ ಸುಮ್ನೆ ನಿಂತಿದ್ದು ಶೂ ಹಾಕಿದ ಮೇಲೆ ಕಳಚಿದರೆ ಶೂ ಸಡಿಲ.

ಶೂ ಸಡಿಲಕ್ಕೆ ಹಿಮ್ಮಡಿಯ ಒಳಗೋಡೆಗೆ ಅಂಟಿಸುವ ಸ್ವೇಡ್ (ಒರಟು ಮೈಯ ಮೆದು ಚರ್ಮ) ಪ್ಯಾಡ್ ಬರುತ್ತದೆ. ಜೆಲ್‌ನದೂ ಇದೆ, ನನಗೆ ಸ್ವೇಡ್ ವಾಸಿ ಅನ್ನಿಸುತ್ತದೆ, ಬಟ್ಟೆಯನ್ನು ಹಿಡಿದಿಡುತ್ತದೆ. ಪಾದ ಮುಂದಕ್ಕೆ ಜಾರುತ್ತಿದ್ದರೆ ಹಿಮ್ಮಡಿ ಪ್ಯಾಡ್ ಬದಲು ಬೆರಳ ಬುಡದ ಕೆಳಗೆ ಅರ್ಧ ಇನ್‌ಸೋಲ್ (ಶೂ ಒಳಗಿನ ಅಡಿಹಾಸು) ಹಾಕಿ. ಪಾದ ಹಿಂದಕ್ಕೆ ಸರಿದು ಹಿಮ್ಮಡಿ ತಾನೇ ಭರ್ತಿಯಾಗುತ್ತದೆ.

ಹೊಸ ಶೂ ತಗೊಳ್ಳುವಾಗ ಹಾಕಬೇಕೆಂದಿರುವ ಸಾಕ್ಸನ್ನೇ ಹಾಕಿ ನೋಡಿ, ಅದೂ ಸಂಜೆ ಹೊತ್ತು. ದಿನ ಕಳೆದಂತೆ ಪಾದ ಊದಿಕೊಳ್ಳುತ್ತದೆ. ಬೆಳಿಗ್ಗೆ ಬರಿಗಾಲಿಗೆ ಸರಿಯಾಗಿ ಕೂತ ಫ್ಲಾಟ್ ಸಂಜೆ ಸಾಕ್ಸ್ ಜೊತೆ ಬೆರಳನ್ನು ಹಿಸುಕುತ್ತದೆ.

ಮಳೆಬಿಲ್ಲು
ಈಗಲೇ ನೋಡಿದೆ. ಸಾಕ್ಸ್ ಒಂದನ್ನೇ ಹಾಕಿ ಓಡಾಡಿದರೆ ಕದಲುವುದಿಲ್ಲ. ಶೂ ಹಾಕಿದ ಮೇಲೇ ಕಳಚೋದು. ಹಿಂದೆ ಒಂದು ಬೆರಳು ತೂರುವಷ್ಟು ಜಾಗ ಇದೆ. ಹಾಗಾದರೆ ಪ್ಯಾಡ್ ಹಾಕಬೇಕು ಅನ್ನಿ. ಬಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ಹತ್ತಿಯೇ ಒಳ್ಳೇದು ಅಲ್ವಾ?

ಹತ್ತಿಪರ
ಹತ್ತಿಯೇ. ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಬೆವರು ಹೀರುತ್ತೆ, ಚರ್ಮಕ್ಕೆ ಹಿತ. ನೈಲಾನ್ ಅಂದರೆ ಕಾಲಿಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ.

ಅಂಗಾಲು
ಹತ್ತಿಪರ ಅವರೇ, ಬೆವರು ಹೀರುತ್ತೆ ಅನ್ನುವುದು ನಿಜ. ತೊಂದರೆ ಅದರ ಮುಂದಿನದು. ಹೀರಿದ್ದನ್ನು ಹತ್ತಿ ಬಿಡೋದಿಲ್ಲ, ಒದ್ದೆಯಾಗೇ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಒದ್ದೆ ಚರ್ಮದ ಮೇಲೆ ತಿಕ್ಕಾಟ ಒಣ ಚರ್ಮಕ್ಕಿಂತ ಜಾಸ್ತಿ. ನಾನು ಪಾದದ ಗಾಯಗಳ ಚಿಕಿತ್ಸೆಯಲ್ಲಿ ಕೆಲಸ ಮಾಡುವವಳು, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ನೀರುಗುಳ್ಳೆ ಬರೋದು ಮೇಲ್ಮೈ ಉಜ್ಜಿದ್ದರಿಂದ ಮಾತ್ರ ಅಲ್ಲ. ಸಾಕ್ಸ್ ಚರ್ಮವನ್ನು ಹಿಡಿದುಕೊಂಡಿರುತ್ತದೆ, ಒಳಗೆ ಮೂಳೆ ಹಿಂದೆ ಮುಂದೆ ಚಲಿಸುತ್ತದೆ. ನಡುವಿನ ಪದರಗಳು ಎಳೆದಾಡಿ ಬಿಟ್ಟುಕೊಂಡು ಆ ಸಂದಿನಲ್ಲಿ ನೀರು ತುಂಬುತ್ತದೆ. ಹಿಮ್ಮಡಿ ಗುಳ್ಳೆ ತಪ್ಪಬೇಕಾದರೆ ಆ ಎಳೆದಾಟ ಕಡಿಮೆಯಾಗಬೇಕು, ಚರ್ಮ ಒಣಗಿರಬೇಕು. ಓಟಗಾರರ ಸಾಕ್ಸ್‌ನಲ್ಲಿ ಎರಡು ಪದರ ಇಡುವುದು ಇದಕ್ಕೇ, ಜಾರಾಟ ಬಟ್ಟೆ ಬಟ್ಟೆಯ ನಡುವೆ ನಡೆಯಲಿ ಅಂತ. ಫ್ಲಾಟ್ ಒಳಗೆ ಎರಡು ಪದರಕ್ಕೆ ಜಾಗ ಇರೋದಿಲ್ಲ. ಹಾಗಾಗಿ ತೆಳ್ಳಗಿನ, ಬೇಗ ಒಣಗುವ ಬಟ್ಟೆ ಉತ್ತಮ.

ದಿನವಿಡೀ ನಡೆದಾಡುವವರು ನೈಲಾನ್ ಹೆಚ್ಚಿರುವ ಮಿಶ್ರಣ ತಗೊಳ್ಳಿ. ಕೂತು ಕೆಲಸ ಮಾಡುವವರಿಗೆ, ಬೆವರು ಕಡಿಮೆ ಇರುವವರಿಗೆ ಹತ್ತಿ ಮಿಶ್ರಣ ಚೆನ್ನಾಗೇ ಇರುತ್ತದೆ. ತೆಳು ಮೆರಿನೋ ಉಣ್ಣೆಯದೂ ಸಿಗುತ್ತದೆ. ಉಣ್ಣೆ ಅಂದ ಕೂಡಲೇ ಬಿಸಿ ಅಂದುಕೊಳ್ಳಬೇಡಿ. ತೇವವನ್ನು ಎಳೆಯ ಒಳಗೆ ಇಟ್ಟುಕೊಳ್ಳುತ್ತದೆ, ವಾಸನೆಯೂ ತಡವಾಗಿ ಹತ್ತುತ್ತದೆ. ಆದರೆ ಹೆಬ್ಬೆರಳ ಹತ್ತಿರ ಬೇಗ ತೂತಾಗುತ್ತದೆ.

ಹಿಮ್ಮಡಿ ಬಿಸಿಯಾಗಿ ಚುರುಗುಡಲು ಶುರುವಾದಾಗಲೇ ನಿಲ್ಲಿಸಿ ಟೇಪ್ ಹಚ್ಚಿ. ಗುಳ್ಳೆ ಎದ್ದುಬಿಟ್ಟಿದ್ದರೆ ಅದರ ಮೇಲಿನ ಚರ್ಮ ಕೀಳಬೇಡಿ, ಮುಚ್ಚಿ ಬಿಡಿ. ಇನ್ನೊಂದು ಮಾತು. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆಯಾಗಿರುವವರಿಗೆ ಈ ಚರ್ಚೆಯ ಬಹುಪಾಲು ಅನ್ವಯಿಸೋದಿಲ್ಲ. ಬಿಗಿ ಇಲಾಸ್ಟಿಕ್, ದಪ್ಪ ಹೊಲಿಗೆ, ಮುದುಡಿದ ಬಟ್ಟೆ, ಯಾವುದು ಒತ್ತಿದರೂ ಅವರಿಗೆ ತಿಳಿಯೋದಿಲ್ಲ. ತೆಳು ಅಡಿಯ ಬ್ಯಾಲೆ ಫ್ಲಾಟ್ ಅವರಿಗೆ ಒಳ್ಳೆಯ ಶೂ ಅಲ್ಲ. ಹಾಕಲೇಬೇಕಾದರೆ ಹೊಲಿಗೆ ಇಲ್ಲದ, ತಿಳಿ ಬಣ್ಣದ ಸಾಕ್ಸ್ ಇರಲಿ. ರಕ್ತ, ಕೀವು ಏನಾದರೂ ಒಸರಿದರೆ ತಿಳಿ ಬಣ್ಣದಲ್ಲಿ ಕೂಡಲೇ ಕಾಣುತ್ತದೆ. ಕಳಚಿದ ಮೇಲೆ ದಿನವೂ ಅಂಗಾಲು ನೋಡಿಕೊಳ್ಳಬೇಕು.

ಹತ್ತಿಪರ
ಒಪ್ಪಿದೆ ಅನ್ನೋದಿಲ್ಲ, ಆದರೆ ‘ಒಣಗೋದು’ ಅನ್ನುವ ಕಡೆ ನಿಮ್ಮ ಮಾತಲ್ಲಿ ಹುರುಳಿದೆ. ನನ್ನ ಚರ್ಮಕ್ಕೆ ನೈಲಾನ್ ಆಗಿಬರೋದಿಲ್ಲ, ತುರಿಕೆ. ನನಗೆ ಹತ್ತಿಯೇ ಸರಿ. ಮಧ್ಯಾಹ್ನ ಒಂದು ಜೊತೆ ಬದಲಿಸಿಬಿಡ್ತೀನಿ.

ಅಂಗಾಲು
ಬದಲಿಸುವುದಾದರೆ ಹತ್ತಿಯ ಬಗ್ಗೆ ನನ್ನ ತಕರಾರೇ ಇಲ್ಲ. ತುರಿಕೆ ಇಡೀ ಪಾದಕ್ಕೆ ಬರುತ್ತದೋ, ಅಂಚಿನ ಗೆರೆಗುಂಟ ಮಾತ್ರವೋ ಗಮನಿಸಿ. ಗೆರೆಗುಂಟ ಮಾತ್ರ ಆದರೆ ಕಾರಣ ನೈಲಾನ್ ಆಗಿರದೆ ಇಲಾಸ್ಟಿಕ್‌ನಲ್ಲಿರುವ ರಬ್ಬರ್ ರಾಸಾಯನಿಕ ಇರಬಹುದು. ಚರ್ಮದ ವೈದ್ಯರು ಪ್ಯಾಚ್ ಟೆಸ್ಟ್, ಅಂದರೆ ಚರ್ಮದ ಮೇಲೆ ಅಂಟಿಸಿ ನೋಡುವ ಅಲರ್ಜಿ ಪರೀಕ್ಷೆ, ಮಾಡಿ ಹೇಳುತ್ತಾರೆ.

ದಾರದುಂಡೆ
ಲೇಬಲ್ ಓದುವ ಬಗ್ಗೆ ಹೇಳಿಬಿಡ್ತೀನಿ. ನೂರಕ್ಕೆ ನೂರು ಹತ್ತಿ ಅಂತ ಬರೆದ ಕಾಣದ ಸಾಕ್ಸ್ ಸಿಕ್ಕರೆ ಕೊಳ್ಳಬೇಡಿ. ಹತ್ತಿ ನೂಲು ಹಿಗ್ಗಿದ ಮೇಲೆ ತಾನಾಗಿ ಹಳೆಯ ಅಳತೆಗೆ ಬರೋದಿಲ್ಲ. ಎಲಾಸ್ಟೇನ್, ಅಂದರೆ ಹಿಗ್ಗಿ ಮತ್ತೆ ಕುಗ್ಗುವ ಎಳೆ, ಇರಲೇಬೇಕು. ಸ್ಪ್ಯಾಂಡೆಕ್ಸ್ ಅಂತ ಬರೆದಿದ್ದರೂ ಅದೇ. ಪಾಲಿಅಮೈಡ್ ಅಂದರೆ ನೈಲಾನ್. ಬಿದಿರು ಅಂತ ದೊಡ್ಡದಾಗಿ ಬರೆದಿರೋದು ಬಹುತೇಕ ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸ್. ಮೃದು ನಿಜ, ಆದರೆ ಒದ್ದೆಯಾದಾಗ ವಿಸ್ಕೋಸ್ ಎಳೆ ಬಲ ಕಳೆದುಕೊಳ್ಳುತ್ತದೆ. ಬೆವರುವ ಪಾದಕ್ಕೆ ಅದು ಬಾಳಿಕೆ ಬರೋದಿಲ್ಲ.

ಹೊಲಿಗೆ ನೋಡೋದು ಮರೀಬೇಡಿ. ಫ್ಲಾಟ್‌ಗಳ ಮೂತಿ ತಗ್ಗು. ಸ್ಪೋರ್ಟ್ಸ್ ಶೂ ಒಳಗೆ ಗೊತ್ತೇ ಆಗದ ಬೆರಳ ಹೊಲಿಗೆ ಇಲ್ಲಿ ಉಗುರಿನ ಮೇಲೆ ಒತ್ತುತ್ತದೆ. ಸಾಕ್ಸ್ ಒಳಗೆ ಕೈ ಹಾಕಿ ಹೊಲಿಗೆಯ ಮೇಲೆ ಬೆರಳು ಎಳೆದು ನೋಡಿ. ಗಂಟಾಗಿ ಎದ್ದಿದ್ದರೆ ಬೇಡ. ಕುಣಿಕೆಗೆ ಕುಣಿಕೆ ಸೇರಿಸಿ ಮುಚ್ಚಿದ್ದರೆ ಬೆರಳಿಗೆ ಏನೂ ಸಿಗೋದಿಲ್ಲ. ಮನೆಯಲ್ಲಿ ಈಗಾಗಲೇ ಗಂಟಿನ ಹೊಲಿಗೆಯವು ಇದ್ದರೆ ಒಳಮೈ ಹೊರಗೆ ಮಾಡಿ ಹಾಕಬಹುದು, ಆದರೆ ಸಿಲಿಕೋನ್ ಇರುವುದಕ್ಕೆ ಈ ಉಪಾಯ ನಡೆಯೋದಿಲ್ಲ. ಅದು ಚರ್ಮದ ಕಡೆಗೇ ಇರಬೇಕು.

ಲೇಸರ್ ಕಟ್ ಅಂತ ಬರುವವು ಬಾಯಿಗೆ ಇಲಾಸ್ಟಿಕ್ ಮಡಿಕೆ ಇಲ್ಲದೆ ಬರೀ ಕತ್ತರಿಸಿದ ಅಂಚಿನವು. ನೈಲಾನ್ ಅಂಚು ಶಾಖಕ್ಕೆ ಕರಗಿ ಕೂಡಿಕೊಳ್ಳುತ್ತದೆ, ಅದಕ್ಕೇ ದಾರ ಬಿಚ್ಚೋದಿಲ್ಲ. ಪಾದಕ್ಕೆ ಗೆರೆ ಬೀಳೋದಿಲ್ಲ, ಶೂ ಅಂಚಿನ ಕೆಳಗೆ ಉಬ್ಬೂ ಇರೋದಿಲ್ಲ. ಬಿಗಿ ಫ್ಲಾಟ್‌ಗೆ ನನ್ನ ಮೊದಲ ಆಯ್ಕೆ ಇದೇ. ಸಡಿಲ ಶೂಗೆ ಮಾತ್ರ ಬೇಡ, ಹಿಡಿತ ಕಡಿಮೆ.

ಕಪ್ಪುಬಿಳುಪು
ಬಣ್ಣ? ಚರ್ಮದ ಬಣ್ಣವೋ ಶೂ ಬಣ್ಣವೋ?

ನಡೆದಾಡಿ
ನಾನು ಶೂ ಬಣ್ಣದ್ದೇ ತಗೊಳ್ಳೋದು. ಚರ್ಮದ ಬಣ್ಣ ಅಂತ ಮಾರುವುದು ಯಾರ ಚರ್ಮದ ಬಣ್ಣವೋ ನಂಗಂತೂ ತಿಳಿದಿಲ್ಲ. ಹೊಂದದ ಚರ್ಮದ ಬಣ್ಣ ಇಣುಕಿದರೆ ಬ್ಯಾಂಡೇಜ್ ಹಾಕಿಕೊಂಡ ಹಾಗೆ ಕಾಣುತ್ತದೆ. ಕಪ್ಪು ಶೂ ಅಂಚಿನಿಂದ ಕಪ್ಪು ಬಟ್ಟೆ ಕೂದಲೆಳೆಯಷ್ಟು ಇಣುಕಿದರೆ ಶೂದೇ ಅಂಚು ಅಂದುಕೊಳ್ಳುತ್ತಾರೆ. ಬಿಳಿ ಮಾತ್ರ ಬಿಳಿ ಶೂಗೂ ಬೇಡ, ಎದ್ದು ಕಾಣುತ್ತದೆ.

ಸರಳಜೀವಿ
ಸಿಲಿಕೋನ್ ಬಗ್ಗೆ ಇನ್ನೊಂದು. ಹೊಸದರಲ್ಲಿ ಚೆನ್ನಾಗಿ ಹಿಡಿಯುತ್ತೆ. ಒಗೀತಾ ಒಗೀತಾ ಹಿಡಿತ ಹೋಗುತ್ತೆ. ಪಟ್ಟಿ ಕಿತ್ತು ಬಂದಿರೋದಿಲ್ಲ, ಇದ್ದೇ ಇರುತ್ತೆ. ಯಾಕೆ?

ದಾರದುಂಡೆ
ಪಟ್ಟಿಯ ಮೇಲೆ ಏನೋ ಕೂತಿರುತ್ತದೆ. ಬಟ್ಟೆಯ ಜುಂಗು, ಪಾದಕ್ಕೆ ಹಚ್ಚಿದ ಕ್ರೀಮಿನ ಜಿಡ್ಡು, ಎಲ್ಲಕ್ಕಿಂತ ಜಾಸ್ತಿ ಫ್ಯಾಬ್ರಿಕ್ ಸಾಫ್ಟ್‌ನರ್. ಸಾಫ್ಟ್‌ನರ್ ಕೆಲಸವೇ ಎಳೆಗಳ ಮೇಲೆ ನುಣುಪು ಪದರ ಬಿಡುವುದು. ಸಿಲಿಕೋನ್ ಮೇಲೂ ಅದೇ ಪದರ ಕೂತರೆ ಜಾರದೆ ಇನ್ನೇನು? ಒದ್ದೆ ಬಟ್ಟೆಗೆ ಒಂದು ತೊಟ್ಟು ಸೋಪು ಹಾಕಿ ಪಟ್ಟಿಯನ್ನು ಒರೆಸಿ, ತೊಳೆದು, ಒಣಗಿಸಿ. ಎಷ್ಟೋ ಸಲ ಹಿಡಿತ ವಾಪಸ್ ಬರುತ್ತದೆ. ಕ್ರೀಮು ರಾತ್ರಿ ಹಚ್ಚಿ, ಬೆಳಿಗ್ಗೆ ಬೇಡ. ಡ್ರೈಯರ್‌ಗೆ ಹಾಕಬೇಡಿ, ಶಾಖಕ್ಕೆ ಎಲಾಸ್ಟೇನ್ ಸೊರಗುತ್ತದೆ. ತಣ್ಣೀರು ಅಥವಾ 30 ಡಿಗ್ರಿ ಸಾಕು, ಜಾಲರಿ ಚೀಲದಲ್ಲಿ ಹಾಕಿ ಒಗೆಯಿರಿ. ಇಷ್ಟು ಚಿಕ್ಕ ಬಟ್ಟೆ ಯಂತ್ರದಲ್ಲಿ ಒಂಟಿಯಾಗುವುದೇ ಹೆಚ್ಚು. ಜೋಡಿಯಲ್ಲಿ ಒಂದು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು.

ಅಂಗಾಲು
30 ಡಿಗ್ರಿಗೆ ನನ್ನದೊಂದು ಅಡ್ಡಮಾತು. ಬೆರಳ ಸಂದಿನಲ್ಲಿ ಫಂಗಸ್ ಆಗಿರುವಾಗ ತಣ್ಣೀರಿನ ಒಗೆತ ಸಾಲದು. ಆಗ ಸಾಕ್ಸನ್ನು 60 ಡಿಗ್ರಿಯಲ್ಲಿ ಒಗೆಯಬೇಕು, ಆ ಬಿಸಿಗೆ ಈ ನಾಜೂಕು ಸಾಕ್ಸ್‌ಗಳು ಹಾಳಾಗುತ್ತವೆ. ಹಾಗಾಗಿ ವಾಸಿಯಾಗುವ ತನಕ ಬಿಸಿನೀರು ತಡೆಯುವ ಸಾಧಾರಣ ಹತ್ತಿ ಸಾಕ್ಸ್, ತೆರೆದ ಅಥವಾ ಗಾಳಿಯಾಡುವ ಪಾದರಕ್ಷೆ. ಫ್ಲಾಟ್ಸ್ ಅಷ್ಟು ದಿನ ಪಕ್ಕಕ್ಕಿರಲಿ. ಹತ್ತಿಪರ ಅವರಿಗೆ ಇಲ್ಲಿ ಗೆಲುವು.

ಬರಿಗಾಲಿ
ಇಷ್ಟೆಲ್ಲಾ ಯಾಕೆ? ನಾನು ಸಾಕ್ಸ್ ಹಾಕೋದೇ ಇಲ್ಲ. ಟವೆಲ್ ಬಟ್ಟೆಯಂಥ ತೆಳು ಇನ್‌ಸೋಲ್ ಸಿಗುತ್ತದೆ, ಒಗೆಯಬಹುದು. ಅದನ್ನು ಶೂ ಒಳಗೆ ಹಾಕ್ತೀನಿ, ಸಂಜೆ ತೆಗೆದು ಒಣಗಿಸ್ತೀನಿ. ಇಣುಕೋದು, ಕಳಚೋದು ಯಾವ ರಗಳೆಯೂ ಇಲ್ಲ.

ಅಂಗಾಲು
ಹಿಮ್ಮಡಿ ಉಜ್ಜದ ಶೂ ಇದ್ದರೆ ಇದು ಒಳ್ಳೆಯ ದಾರಿಯೇ. ಬೆವರಿಗೆ ಸ್ವತಃ ಅಷ್ಟು ವಾಸನೆ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬೆವರಲ್ಲಿರುವುದನ್ನು ಒಡೆದು ಐಸೊವಲೆರಿಕ್ ಆಮ್ಲದಂಥವನ್ನು ಮಾಡುತ್ತವೆ, ಪಾದದ ವಾಸನೆ ಅದು. ಇನ್‌ಸೋಲ್ ತೆಗೆದು ಒಣಗಿಸಿದರೆ ಅರ್ಧ ಕೆಲಸ ಆಯಿತು. ಇನ್ನರ್ಧ, ಅದೇ ಶೂವನ್ನು ಮರುದಿನವೇ ಹಾಕದಿರುವುದು. ಚರ್ಮದ ಶೂ ಒಳಗೆ ಒಂದು ರಾತ್ರಿಯಲ್ಲಿ ಪೂರ್ತಿ ಒಣಗೋದಿಲ್ಲ. ಬೆವರು ವಿಪರೀತ ಇದ್ದರೆ ಕಂಕುಳಿಗೆ ಹಚ್ಚುವ ಆಂಟಿಪರ್ಸ್ಪಿರಂಟನ್ನೇ ರಾತ್ರಿ ಒಣ ಅಂಗಾಲಿಗೆ ಹಚ್ಚಬಹುದು. ಬಿರುಕು, ಗಾಯ ಇದ್ದ ಕಡೆ ಬೇಡ.

ಕಪ್ಪುಬಿಳುಪು
ಸುಮ್ನೆ ಕುತೂಹಲ. ಈ ಶೂ ಮುಂದೆ ಇಷ್ಟೊಂದು ತೆರೆದಿರುವುದು ಯಾಕೆ? ಎರಡು ಬೆರಳಗಲ ಮೇಲೆ ಬಂದಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ.

ಹಳೆಪೆಟ್ಟಿಗೆ
ನೃತ್ಯದ ಚಪ್ಪಲಿಯಿಂದ ಬಂದದ್ದಲ್ವಾ, ಅದಕ್ಕೆ. ಪ್ಯಾರಿಸ್‌ನಲ್ಲಿ ಬ್ಯಾಲೆ ಶೂ ಹೊಲಿಯುತ್ತಿದ್ದ ರೋಸ್ ರೆಪೆಟ್ಟೊ 1956ರಲ್ಲಿ ನಟಿ ಬ್ರಿಜಿತ್ ಬಾರ್ಡೊಗಾಗಿ ಬೀದಿಯಲ್ಲಿ ಹಾಕಬಹುದಾದ ಜೋಡಿ ಮಾಡಿಕೊಟ್ಟರು. ಬಾರ್ಡೊ ಸ್ವತಃ ಬ್ಯಾಲೆ ಕಲಿತವರು. ಒಳಮೈ ಹೊರಗೆ ಇಟ್ಟು ಹೊಲಿದು ಆಮೇಲೆ ತಿರುವುವ ವಿಧಾನ ರೆಪೆಟ್ಟೊ ಅವರದು. ಅದಕ್ಕೇ ಶೂ ಅಷ್ಟು ಮೆತ್ತಗೆ, ಅಷ್ಟು ತೆಳ್ಳಗೆ. ಮುಂದಿನ ಪುಟ್ಟ ಬೋ ಕೂಡ ಮೊದಲು ಅಲಂಕಾರಕ್ಕೆ ಇದ್ದದ್ದಲ್ಲ. ಅಂಚಿನ ಒಳಗೆ ಸುತ್ತಲೂ ದಾರ ಹಾಯಿಸಿರುತ್ತಿದ್ದರು, ಅದನ್ನು ಎಳೆದು ಕಟ್ಟಿ ಶೂವನ್ನು ಕಾಲಿಗೆ ಬಿಗಿ ಮಾಡುವ ಗಂಟು ಅದು. ಈಗಲೂ ಕೆಲವು ಫ್ಲಾಟ್‌ಗಳಲ್ಲಿ ಆ ದಾರ ನಿಜವಾಗಿಯೂ ಎಳೆಯುತ್ತದೆ. ಮಳೆಬಿಲ್ಲು ಅವರೇ, ನಿಮ್ಮದರಲ್ಲಿ ಬೋ ಇದ್ದರೆ ಒಮ್ಮೆ ಬಿಚ್ಚಿ ಎಳೆದು ನೋಡಿ. ಸಡಿಲ ಅಲ್ಲೇ ಸರಿಹೋಗಬಹುದು.

ಮಳೆಬಿಲ್ಲು
ಬೋ ಇದೆ, ಆದರೆ ಮೇಲೆ ಹೊಲಿದದ್ದು. ಎಳೆದರೆ ಅದೇ ಕೈಗೆ ಬರುತ್ತದೆ ಅಷ್ಟೇ. ಪ್ಯಾಡೇ ಗತಿ. ಸಾಕ್ಸ್ ಹಿಮ್ಮಡಿ ಗುಂಡಿಯದು, ನೈಲಾನ್ ಹೆಚ್ಚಿರುವುದು, ಸಿಲಿಕೋನ್ ಅಗಲವಿರುವುದು ನೋಡ್ತೀನಿ.

ತುದಿಬೆರಳು
ಮಧ್ಯೆ ಬರ್ತಿದೀನಿ, ಕ್ಷಮಿಸಿ. ನನ್ನದು ಚೂಪು ಮೂತಿಯ ಫ್ಲಾಟ್, ಎರಡೂ ಬದಿ ಅಂಗಾಲಿನ ತನಕ ಕತ್ತರಿಸಿರುವುದು. ಮುಂದೆ ಬೆರಳು, ಹಿಂದೆ ಹಿಮ್ಮಡಿ ಮಾತ್ರ ಮುಚ್ಚುತ್ತದೆ. ಇನ್ನೊಂದು ಜೊತೆಗೆ ಹಿಂದೆ ಬರೀ ಪಟ್ಟಿ. ಇವಕ್ಕೆ ನೀವು ಹೇಳಿದ ಯಾವ ಸಾಕ್ಸೂ ಆಗೋದಿಲ್ಲ ಅಲ್ವಾ?

ನಡೆದಾಡಿ
ಆಗೋದಿಲ್ಲ. ಬೆರಳು ಮಾತ್ರ ಮುಚ್ಚುವ ಅರ್ಧ ಸಾಕ್ಸ್ ಸಿಗುತ್ತದೆ. ಪಟ್ಟಿಯ ಶೂಗೆ ಅದು ಸರಿ. ಕೆಲವುದಕ್ಕೆ ಹಿಂದೆ ಕಾಣದ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ, ಅದು ಬೇಡ, ಹಿಮ್ಮಡಿ ಕೊಯ್ಯುತ್ತದೆ.

ದಾರದುಂಡೆ
ಬದಿ ತೆರೆದಿರುವುದಕ್ಕೂ ಅರ್ಧ ಸಾಕ್ಸೇ. ಅದು ಬೆರಳಿನ ತುದಿಗೆ ಓಡಿ ಮುದುಡದೆ ಇರಲು ಅಡಿಯಲ್ಲಿ, ಬೆರಳ ಬುಡದ ಉಬ್ಬಿನ ಹತ್ತಿರ, ಒಳಮೈಗೆ ಸಿಲಿಕೋನ್ ಚುಕ್ಕಿ ಇರುವುದನ್ನು ಆರಿಸಿ. ಚೂಪು ಮೂತಿಯಲ್ಲಿ ಬೆರಳುಗಳು ಒಂದರ ಮೇಲೊಂದು ಏರುತ್ತವೆ, ಹಾಗಾಗಿ ಆದಷ್ಟು ತೆಳ್ಳಗಿನ ನೈಲಾನ್, ಹೊಲಿಗೆ ಬೆರಳಿನ ನೆತ್ತಿಗೆ ಬರದೆ ಅಡಿಗೆ ಬರುವಂಥದ್ದು. ಹಿಮ್ಮಡಿಗೆ ಸಾಕ್ಸ್ ಆಸೆ ಬಿಡಿ, ಶೂ ಒಳಗೆ ಸ್ವೇಡ್ ಪ್ಯಾಡ್ ಅಂಟಿಸಿ. ಬಟ್ಟೆಗೆ ಹಚ್ಚುವ ಎರಡೂ ಕಡೆ ಅಂಟಿನ ಟೇಪಿನಿಂದ ಸಾಕ್ಸನ್ನು ಶೂಗೇ ಅಂಟಿಸುವವರೂ ಇದ್ದಾರೆ. ಸಂಜೆಯ ಕಾರ್ಯಕ್ರಮಕ್ಕೆ ಅದು ನಡೆಯುತ್ತದೆ, ದಿನವಿಡೀ ನಡೆಯುವವರಿಗೆ ಬೆವರಿಗೆ ಬಿಟ್ಟುಕೊಳ್ಳುತ್ತದೆ.

ತುದಿಬೆರಳು
ಹೊಲಿಗೆ ಅಡಿಗೆ ಬರುವುದು ಅಂದರೆ ಹಾಕುವಾಗಲೇ ತಿರುಗಿಸಿಕೊಳ್ಳಬಹುದಾ?

ದಾರದುಂಡೆ
ಎಡ ಬಲ ಅಂತ ಗುರುತು ಇಲ್ಲದ ಅರ್ಧ ಸಾಕ್ಸ್ ಆದರೆ ತಿರುಗಿಸಬಹುದು. ಸಿಲಿಕೋನ್ ಚುಕ್ಕಿ ಇದ್ದರೆ ಆಗೋದಿಲ್ಲ, ಅದು ಪಾದದ ಮೇಲ್ಭಾಗಕ್ಕೆ ಹೋಗಿಬಿಡುತ್ತದೆ. ಕೊಳ್ಳುವಾಗಲೇ ನೋಡಿ ತಗೊಳ್ಳಿ.